ಡುರಾಂಡ್ ಕಪ್‌ಗೆ ಕೋಲ್ಕತ್ತ: ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ

ಡುರಾಂಡ್ ಕಪ್ ಫುಟ್‌ಬಾಲ್ ಟೂರ್ನಿ ನಡೆಯುವುದು ನಮ್ಮ ಕಡೆ ಪುಷ್ಯ, ಆಶ್ಲೇಷ, ಮಖೆ ಮಳೆ ಹಿಡಿದು ಕೂತಿರುವ ಹೊತ್ತಿನಲ್ಲಿ. 2023ರಲ್ಲಿ ಆಗಸ್ಟ್ 3ರಿಂದ ಸೆಪ್ಟೆಂಬರ್ 3ರವರೆಗೆ ನಡೆಯಿತು. 2024ರಲ್ಲಿ ಜುಲೈ 27ರಿಂದ ಆಗಸ್ಟ್ 31ರವರೆಗೆ, 2025ರಲ್ಲಿ ಜುಲೈ 23ರಿಂದ ಆಗಸ್ಟ್ 23ರವರೆಗೆ. ತೋಟದಲ್ಲಿ ಮದ್ದು ಹೊಡೆಯಲು ಮಳೆ ಬಿಡುವುದಿಲ್ಲ, ಗದ್ದೆಯಲ್ಲಿ ನಾಟಿ ಮುಗಿಯುತ್ತ ಬಂದಿರುತ್ತದೆ. ನಾಲ್ಕೈದು ದಿನ ಊರು ಬಿಡಲು ಅಂಥ ಕೆಟ್ಟ ಕಾಲವೇನಲ್ಲ.

1888ರಲ್ಲಿ ಶಿಮ್ಲಾದಲ್ಲಿ ಶುರುವಾಗಿ ಬಹುಕಾಲ ದೆಹಲಿಯಲ್ಲಿದ್ದ ಈ ಟೂರ್ನಿ 2019ರಲ್ಲಿ ಕೋಲ್ಕತ್ತಕ್ಕೆ ಬಂತು. 2022ರಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಇಲ್ಲೇ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಕಪ್ ಎತ್ತಿತು. ಫೈನಲ್ ನಡೆಯುವುದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ. ಅದರ ಅಧಿಕೃತ ಹೆಸರು ವಿವೇಕಾನಂದ ಯುವಭಾರತಿ ಕ್ರೀಡಾಂಗಣ. 2017ರ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ 5-2ರಿಂದ ಸ್ಪೇನನ್ನು ಸೋಲಿಸಿದ್ದೂ ಅಲ್ಲೇ.

ಇಷ್ಟು ದೂರದ ಪಂದ್ಯಕ್ಕೆ ಹೋಗುವವರು ಮೊದಲು ಕೇಳುವುದು ‘ಟಿಕೆಟ್ ಸಿಗುತ್ತದಾ?’ ಅಂತ. ಸಿಗುತ್ತದೆ. ಟಿಕೆಟ್ ಸಿಗದೆ ಕೆಡುವ ಪ್ರವಾಸಕ್ಕಿಂತ ತಾರೀಕು, ಜಾಗ ಬದಲಾಗಿ ಕೆಡುವ ಪ್ರವಾಸವೇ ಹೆಚ್ಚು. ಹಾಗಾಗಿ ಕೆಳಗಿನದೆಲ್ಲ ಎರಡು ಲೆಕ್ಕದ ಮೇಲೆ ನಿಂತಿದೆ. ಒಂದು, ರದ್ದು ಮಾಡಲು ಆಗದ್ದನ್ನು ಮೊದಲೇ ಕೊಳ್ಳಬೇಡಿ. ಎರಡು, ಕೋಲ್ಕತ್ತ ಮೆಟ್ರೊದ ಗ್ರೀನ್ ಲೈನ್ ಬಿಟ್ಟು ಬೇರೆಲ್ಲೂ ಉಳಿಯಬೇಡಿ.

ಯಾವ ವಾರ ಹೋಗಬೇಕು

2023ರಿಂದ 2025ರವರೆಗಿನ ಮೂರೂ ಟೂರ್ನಿಯಲ್ಲಿ 24 ತಂಡಗಳಿದ್ದವು, ನಾಲ್ಕು ನಾಲ್ಕರ ಆರು ಗುಂಪು. ಗುಂಪಿನ ಮೊದಲಿಗರು ಆರು ಮಂದಿ, ಎರಡನೇ ಸ್ಥಾನದವರಲ್ಲಿ ಉತ್ತಮರಾದ ಇಬ್ಬರು ಕ್ವಾರ್ಟರ್ ಫೈನಲ್‌ಗೆ ಹೋಗುತ್ತಾರೆ. ಆದರೆ ಪಂದ್ಯಗಳೆಲ್ಲ ಕೋಲ್ಕತ್ತದಲ್ಲೇ ನಡೆಯುವುದಿಲ್ಲ. 2025ರಲ್ಲಿ ಜಮ್‌ಶೆಡ್‌ಪುರ, ಶಿಲ್ಲಾಂಗ್, ಇಂಫಾಲ, ಕೊಕ್ರಝಾರ್‌ನಲ್ಲೂ ನಡೆದವು, ಒಂದು ಸೆಮಿಫೈನಲ್ ಶಿಲ್ಲಾಂಗ್‌ಗೇ ಹೋಯಿತು. ‘ಸೆಮಿಫೈನಲ್ ವಾರ ಹೋದರೆ ಎರಡು ಪಂದ್ಯ ಗ್ಯಾರಂಟಿ’ ಎಂದುಕೊಂಡವರಿಗೆ ಒಂದೇ ದಕ್ಕಿತು.

ಡರ್ಬಿ, ಅಂದರೆ ಮೋಹನ್ ಬಾಗನ್–ಈಸ್ಟ್ ಬೆಂಗಾಲ್ ಪಂದ್ಯ, ಇನ್ನೂ ಕಷ್ಟ. ಎರಡೂ ಒಂದೇ ಗುಂಪಿನಲ್ಲಿ ಬಿದ್ದರೆ ತಾರೀಕು ಮೊದಲೇ ಗೊತ್ತಿರುತ್ತದೆ. 2023ರಲ್ಲಿ ಹಾಗಿತ್ತು, ಅದೇ ಎರಡು ತಂಡ ಮತ್ತೆ ಫೈನಲ್‌ನಲ್ಲೂ ಎದುರಾದವು. 2025ರಲ್ಲಿ ಅವು ಬೇರೆ ಬೇರೆ ಗುಂಪಿನಲ್ಲಿದ್ದು ಆಗಸ್ಟ್ 17ರ ಕ್ವಾರ್ಟರ್ ಫೈನಲ್‌ನಲ್ಲಿ ಸಿಕ್ಕಿದವು. ಅದು ಖಾತ್ರಿಯಾದದ್ದು ಪಂದ್ಯಕ್ಕೆ ಕೆಲವೇ ದಿನ ಇರುವಾಗ. 2024ರ ಆಗಸ್ಟ್ 18ರ ಡರ್ಬಿಯಂತೂ ಪೂರ್ತಿ ರದ್ದಾಯಿತು. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದ ನಂತರ ನಗರದಲ್ಲಿ ಪ್ರತಿಭಟನೆ ಜೋರಾಗಿದ್ದು, ಬಂದೋಬಸ್ತಿಗೆ ಪೊಲೀಸರು ಸಾಲುವುದಿಲ್ಲವೆಂದು ಪಂದ್ಯವನ್ನೇ ಕೈಬಿಟ್ಟು ಎರಡೂ ತಂಡಕ್ಕೆ ಪಾಯಿಂಟ್ ಹಂಚಿದರು. ಪಂದ್ಯದ ಟಿಕೆಟ್‌ನ ಹಣ ವಾಪಸ್ ಬಂದೀತು. ರೈಲಿನದು, ಲಾಡ್ಜಿನದು ನಿಮ್ಮ ತಲೆ ಮೇಲೇ.

ಅದಕ್ಕೆ ಫೈನಲ್ ಬೆನ್ನು ಹತ್ತುವುದಕ್ಕಿಂತ ಗುಂಪು ಹಂತದ ಎರಡನೇ ವಾರ ಆರಿಸಿಕೊಳ್ಳುವುದು ಜಾಣತನ. ಮೋಹನ್ ಬಾಗನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಮೂರೂ ಊರಿನ ತಂಡಗಳೇ ಆದ್ದರಿಂದ ಎರಡು ಮೂರು ದಿನಕ್ಕೊಂದು ಒಳ್ಳೆಯ ಪಂದ್ಯ ಇದ್ದೇ ಇರುತ್ತದೆ. ನಾಲ್ಕು ರಾತ್ರಿ ಉಳಿದರೆ ಎರಡು ಪಂದ್ಯಕ್ಕೆ ಮೋಸವಿಲ್ಲ. ಒಂದು ತಪ್ಪಿದರೂ ಪ್ರವಾಸ ನೀರುಪಾಲಾಗುವುದಿಲ್ಲ. ಬಿಎಫ್‌ಸಿಗೋಸ್ಕರವೇ ಹೊರಡುವವರು ಆ ವರ್ಷ ತಂಡ ಆಡುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. 2025ರಲ್ಲಿ ದೇಶದ ಮುಖ್ಯ ಲೀಗ್ ಆದ ಐಎಸ್‌ಎಲ್‌ನ ಹಲವು ಕ್ಲಬ್‌ಗಳು ಡುರಾಂಡ್‌ಗೆ ಬರಲೇ ಇಲ್ಲ.

ರೈಲು: 60 ದಿನದ ಲೆಕ್ಕ

ಟೂರ್ನಿಯ ವೇಳಾಪಟ್ಟಿ ಕೈಗೆ ಬರುವುದು ಶುರುವಾಗಲು ಕೆಲವೇ ವಾರ ಇರುವಾಗ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. 2024ರ ನವೆಂಬರ್‌ಗೂ ಮುಂಚೆ ಅದು 120 ದಿನ ಇತ್ತು, ಹಳೆಯ ಲೆಕ್ಕ ತಲೆಯಲ್ಲಿದ್ದರೆ ಬಿಟ್ಟುಬಿಡಿ. ಅಂದರೆ ಪಂದ್ಯ ಯಾವತ್ತು ಎಂದು ಗೊತ್ತಾಗುವ ಮೊದಲೇ ರೈಲು ಹಿಡಿದಿಟ್ಟುಕೊಳ್ಳಬೇಕು. ಹೊರಡುವ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು. ಆಗಸ್ಟ್ 20ಕ್ಕೆ ಹೊರಡುವುದಿದ್ದರೆ ಜೂನ್ 21ರ ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ತೆರೆದ ಮೊದಲ ಹೊತ್ತಿನಲ್ಲಿ ಆನ್‌ಲೈನ್‌ನಲ್ಲಿ ಆಧಾರ್ ಜೋಡಿಸಿದ ಖಾತೆಗೆ ಮಾತ್ರ ಟಿಕೆಟ್ ಕೊಡುತ್ತಾರೆ. ಆಧಾರ್ ಜೋಡಣೆಯನ್ನು ಆ ಬೆಳಿಗ್ಗೆ ಕೂತು ಮಾಡಲು ಹೋದರೆ ಓಟಿಪಿ ಬರುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿರುತ್ತದೆ. ವಾರ ಮೊದಲೇ ಮುಗಿಸಿಡಿ.

ಬೆಂಗಳೂರಿನಿಂದ ಹೌರಾಕ್ಕೆ ಎರಡು ರೈಲು ಮುಖ್ಯ. 12864 ಸೂಪರ್‌ಫಾಸ್ಟ್ ಪ್ರತಿ ದಿನ ಇದೆ, ಸುಮಾರು 34 ಗಂಟೆ ತೆಗೆದುಕೊಳ್ಳುತ್ತದೆ. 12246 ದುರಂತೊ ಸುಮಾರು 30 ಗಂಟೆಯದು, ವಾರದ ಎಲ್ಲ ದಿನ ಇಲ್ಲ. ಎರಡೂ ಹೊರಡುವುದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ, ಅಂದರೆ ಎಸ್‌ಎಂವಿಟಿಯಿಂದ. ಮೊದಲು ಯಶವಂತಪುರದಿಂದ ಹೋಗುತ್ತಿದ್ದವು. ಇವತ್ತಿಗೂ ಅಲ್ಲಿ ಹೋಗಿ ನಿಂತು ರೈಲು ಕಳೆದುಕೊಳ್ಳುವವರಿದ್ದಾರೆ. ಸೂಪರ್‌ಫಾಸ್ಟ್‌ನಲ್ಲಿ ಸ್ಲೀಪರ್ ಸಾವಿರ ರೂಪಾಯಿ ಒಳಗೆ ಮುಗಿಯುತ್ತದೆ, ತ್ರೀ ಏಸಿ ಎರಡು ಸಾವಿರ ದಾಟುತ್ತದೆ. ದುರಂತೊ ಇನ್ನೂ ತುಸು ದುಬಾರಿ.

ಆನ್‌ಲೈನ್‌ನಲ್ಲಿ ತೆಗೆದ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಇದ್ದರೆ ತಾನೇ ರದ್ದಾಗುತ್ತದೆ. ಅದನ್ನು ಹಿಡಿದು ಹತ್ತುವಂತಿಲ್ಲ. ಹಾಸನದಿಂದ ಹೊರಟು ಬೆಂಗಳೂರು ತಲುಪಿದ ಮೇಲೆ ಇದು ಗೊತ್ತಾಗುವುದು ಬಹಳ ಬೇಜಾರಿನ ಸಂಗತಿ. ಹೊರಡುವ ಹಿಂದಿನ ದಿನ ಸ್ಥಿತಿ ನೋಡಿ. ಇನ್ನೂ ವೇಟಿಂಗ್ ಇದ್ದರೆ ಆ ಬೆಳಿಗ್ಗೆಯೇ ತತ್ಕಾಲ್‌ಗೆ ಕೂರಿ. ಏಸಿಗೆ 10 ಗಂಟೆ, ಸ್ಲೀಪರ್‌ಗೆ 11 ಗಂಟೆ.

ವೇಳಾಪಟ್ಟಿ ಬರುವ ಮೊದಲು ಒಂದೇ ವಾರದ ಎರಡು ತಾರೀಕಿಗೆ ಟಿಕೆಟ್ ತೆಗೆದಿಟ್ಟು ಆಮೇಲೆ ಒಂದನ್ನು ಬಿಡುವವರೂ ಇದ್ದಾರೆ. ಬೇಗ ರದ್ದು ಮಾಡಿದರೆ ಕಡಿತ ಕಡಿಮೆ, ರೈಲು ಹೊರಡುವ ಹೊತ್ತು ಹತ್ತಿರವಾದಷ್ಟೂ ಹೆಚ್ಚು. ವಿಮಾನದ ಅಗ್ಗದ ಟಿಕೆಟ್‌ನಲ್ಲಿ ಈ ಸೌಲಭ್ಯ ಇರುವುದಿಲ್ಲ, ಕೈಗೆ ತೆರಿಗೆಯಷ್ಟೇ ಬರುತ್ತದೆ. ಬೆಂಗಳೂರಿನಿಂದ ಕೋಲ್ಕತ್ತಕ್ಕೆ ವಿಮಾನದಲ್ಲಿ ಎರಡೂವರೆ ಗಂಟೆ ಅಷ್ಟೇ, ನಿಜ. ಹೋಗುವಾಗ ರೈಲು, ಪಂದ್ಯದ ದಿನ ಖಾತ್ರಿಯಾದ ಮೇಲೆ ಬರುವಾಗ ವಿಮಾನ ಎಂದು ಹಂಚಿಕೊಂಡರೆ ಜೇಬಿಗೂ ರಜೆಗೂ ಹೊಂದುತ್ತದೆ.

ಹೌರಾಕ್ಕೆ ಪಂದ್ಯದ ದಿನವೇ ತಲುಪುವಂತೆ ಯಾವತ್ತೂ ಬುಕ್ ಮಾಡಬೇಡಿ. ಆಗಸ್ಟ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಆಂಧ್ರ, ಒಡಿಶಾ ಕರಾವಳಿಯನ್ನು ತೋಯಿಸುತ್ತಲೇ ಇರುತ್ತದೆ. ಈ ಹಳಿ ಹೋಗುವುದೇ ಆ ದಾರಿಯಲ್ಲಿ. ಮೂರು ನಾಲ್ಕು ಗಂಟೆ ತಡವಾಗುವುದು ದೊಡ್ಡ ವಿಷಯವೇ ಅಲ್ಲ. ಒಂದು ದಿನ ಮೊದಲು ಊರು ಸೇರಿರಬೇಕು.

ಊರಿನಿಂದ ಎಸ್‌ಎಂವಿಟಿವರೆಗೆ

ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದು ಆರಾಮ, ಆದರೆ ಮಳೆಗಾಲದಲ್ಲಿ ಆ ರೈಲು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಮಂಗಳೂರು, ಕಾರವಾರ ಕಡೆಯಿಂದ ಬರುವ ರೈಲುಗಳು ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಾಟಿ ಹತ್ತಿ ಬರುತ್ತವೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ವಾರಕ್ಕೂ ಹೆಚ್ಚು ಕಾಲ ಆ ಮಾರ್ಗ ನಿಂತುಹೋಗಿತ್ತು, ಅದೂ ಡುರಾಂಡ್ ಶುರುವಾದ ವಾರವೇ. ಕುಸಿತ ನಿಮ್ಮ ದಾರಿಯಲ್ಲಿ ಇಲ್ಲದಿದ್ದರೂ ರೈಲು ಅಲ್ಲಿಂದಲೇ ಬರಬೇಕಾದ್ದರಿಂದ ನಿಮಗೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಹಾಸನದವರಿಗೆ ಕೆಎಸ್‌ಆರ್‌ಟಿಸಿ ಬಸ್ಸೇ ವಾಸಿ. ಅರಸೀಕೆರೆ ಸುತ್ತಮುತ್ತಲವರು, ಕಡೂರು, ಬೀರೂರು ಕಡೆಯವರು ಹುಬ್ಬಳ್ಳಿ, ಶಿವಮೊಗ್ಗ ಕಡೆಯಿಂದ ಬರುವ ರೈಲು ಹಿಡಿಯಬಹುದು. ಆ ಹಳಿಗೂ ಘಾಟಿಗೂ ಸಂಬಂಧವಿಲ್ಲ. ಚಿಕ್ಕಮಗಳೂರು ಪೇಟೆಯವರು ಕಡೂರಿಗೆ ಬಸ್ಸಿನಲ್ಲಿ ಬಂದು ಅಲ್ಲಿ ರೈಲು ಹತ್ತುವುದು ರೂಢಿ, ಸುಮಾರು 40 ಕಿ.ಮೀ. ಮೂಡಿಗೆರೆ, ಸಕಲೇಶಪುರದವರು ಮರ ಬಿದ್ದು ದಾರಿ ಕಟ್ಟುವುದನ್ನೂ ಲೆಕ್ಕಕ್ಕಿಟ್ಟು ಹಿಂದಿನ ಸಂಜೆಯೇ ಹಾಸನ ಅಥವಾ ಚಿಕ್ಕಮಗಳೂರಿಗೆ ಬಂದುಬಿಡುವುದು ಒಳ್ಳೆಯದು.

ಹಾಸನದ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಬರುತ್ತದೆ. ಮೆಜೆಸ್ಟಿಕ್‌ವರೆಗೆ ಕೂತಿರಬೇಕಾಗಿಲ್ಲ. ಜಾಲಹಳ್ಳಿ ಕ್ರಾಸ್ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಬೈಯಪ್ಪನಹಳ್ಳಿಯಲ್ಲಿ ಇಳಿಯಿರಿ. ಮೆಟ್ರೊ ನಿಲ್ದಾಣ ಬೇರೆ, ಎಸ್‌ಎಂವಿಟಿ ಬೇರೆ. ನಡುವಿನ ಎರಡು ಮೂರು ಕಿ.ಮೀ.ಗೆ ಆಟೊ ಬೇಕು. ಇದನ್ನು ತಿಳಿಯದೆ ಮೆಟ್ರೊ ಇಳಿದು ಲಗೇಜ್ ಎಳೆದುಕೊಂಡು ಟರ್ಮಿನಲ್ ಹುಡುಕುವವರು ತುಂಬ. ತುಮಕೂರು ರಸ್ತೆಯಲ್ಲಿ ಇಳಿದ ಹೊತ್ತಿನಿಂದ ರೈಲು ಹೊರಡುವವರೆಗೆ ಎರಡೂವರೆ ಗಂಟೆ ಇಟ್ಟುಕೊಂಡರೆ ಓಡಬೇಕಾಗಿಲ್ಲ. ವಿಮಾನದವರು ಗೊರಗುಂಟೆಪಾಳ್ಯದಲ್ಲಿ ಇಳಿದು ಹೆಬ್ಬಾಳದ ಮೇಲೆ ಹೋದರೆ ಮೆಜೆಸ್ಟಿಕ್‌ನ ಸುತ್ತು ತಪ್ಪುತ್ತದೆ.

ರೈಲಿಗೆ ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ಸಾಕು. ಅಕ್ಕಿರೊಟ್ಟಿ ಎರಡನೇ ದಿನಕ್ಕೆ ಹಪ್ಪಳವಾಗುತ್ತದೆ.

ಉಳಿಯುವ ಜಾಗ

ಕೋಲ್ಕತ್ತ ಮೆಟ್ರೊದ ಗ್ರೀನ್ ಲೈನ್ ಹೌರಾ ಮೈದಾನದಿಂದ ಸಾಲ್ಟ್ ಲೇಕ್ ಸೆಕ್ಟರ್ 5ರವರೆಗೆ 2025ರ ಆಗಸ್ಟ್ 22ರಿಂದ ಪೂರ್ತಿ ಓಡುತ್ತಿದೆ. 2024ರ ಮಾರ್ಚ್‌ನಲ್ಲಿ ಹೌರಾ–ಎಸ್‌ಪ್ಲನೇಡ್ ಭಾಗ ಶುರುವಾಗುವವರೆಗೆ ಹೌರಾದಲ್ಲಿ ಇಳಿದವರು ಸೇತುವೆ ಮೇಲಿನ ಟ್ರಾಫಿಕ್‌ನಲ್ಲಿ ಬೆವರಬೇಕಿತ್ತು. ಈಗ ರೈಲ್ವೆ ನಿಲ್ದಾಣದಿಂದಲೇ ಕೆಳಗಿಳಿದು ಮೆಟ್ರೊ ಹತ್ತಬಹುದು. ನಿಲ್ದಾಣ ಸುಮಾರು 30 ಮೀಟರ್ ಆಳದಲ್ಲಿದೆ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿಯಲು, ಬ್ಯಾಗ್ ತಪಾಸಣೆಗೆ ಸೇರಿ ಹತ್ತು ಹದಿನೈದು ನಿಮಿಷ ಹಿಡಿಯಿರಿ. ಹೌರಾ ಬಿಟ್ಟ ಮೇಲೆ ಮಹಾಕರಣ್, ಎಸ್‌ಪ್ಲನೇಡ್, ಸಿಯಾಲ್ದಾ, ಫೂಲ್‌ಬಾಗಾನ್, ಐದನೆಯದೇ ಸಾಲ್ಟ್ ಲೇಕ್ ಸ್ಟೇಡಿಯಂ. ಹೌರಾ ಮತ್ತು ಮಹಾಕರಣ್ ನಡುವೆ ರೈಲು ಹೂಗ್ಲಿ ನದಿಯ ಅಡಿಯಲ್ಲಿ ಹೋಗುತ್ತದೆ. ಆ ಅರ್ಧ ಕಿ.ಮೀ. ದಾಟಲು ಒಂದು ನಿಮಿಷವೂ ಬೇಡ, ಸುರಂಗದ ಗೋಡೆಯಲ್ಲಿ ನೀಲಿ ದೀಪ ಕಂಡಾಗ ನದಿಯ ಕೆಳಗಿದ್ದೀರಿ ಎಂದು ತಿಳಿಯಿರಿ.

ಹಾಗಾಗಿ ಲಾಡ್ಜ್ ಎಸ್‌ಪ್ಲನೇಡ್ ಅಥವಾ ಸಿಯಾಲ್ದಾದಲ್ಲಿರಲಿ. ಎಸ್‌ಪ್ಲನೇಡ್ ಪಕ್ಕದ ನ್ಯೂ ಮಾರ್ಕೆಟ್, ಸಡರ್ ಸ್ಟ್ರೀಟ್ ಸುತ್ತ ಅಗ್ಗದ್ದರಿಂದ ಮಧ್ಯಮದವರೆಗೆ ಕೋಣೆ ಸಿಗುತ್ತವೆ. ನೀಲಿ ಮಾರ್ಗದ ಮೆಟ್ರೊ ಅಲ್ಲೇ ಕೂಡುವುದರಿಂದ ಊರು ಸುತ್ತಲೂ ಅನುಕೂಲ. ಸಿಯಾಲ್ದಾ ಇನ್ನೂ ಅಗ್ಗ, ಗಲಾಟೆಯೂ ಜಾಸ್ತಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬೇಡ. ಕ್ರೀಡಾಂಗಣದ ಪಕ್ಕದ ಬೈಪಾಸ್ ರಸ್ತೆಯಲ್ಲಿರುವುದು ದೊಡ್ಡ ಹೋಟೆಲ್‌ಗಳು. ಹತ್ತಿರ ಎಂಬ ಒಂದೇ ಕಾರಣಕ್ಕೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ. ಎಲ್ಲಿ ಬುಕ್ ಮಾಡಿದರೂ ‘ಫ್ರೀ ಕ್ಯಾನ್ಸಲೇಶನ್’ ಯಾವ ದಿನದವರೆಗೆ ಎಂದು ಓದಿ. ಚೆಕ್‌ಔಟ್ ಮಧ್ಯಾಹ್ನ 12ಕ್ಕೋ 24 ಗಂಟೆ ಲೆಕ್ಕವೋ ಎಂದೂ ಫೋನ್ ಮಾಡಿ ಕೇಳಿ. ಹೌರಾಕ್ಕೆ ಸಂಜೆ ಬಂದಿಳಿಯುವವರಿಗೆ ಎರಡನೆಯದರಲ್ಲಿ ಅರ್ಧ ದಿನ ಉಳಿಯುತ್ತದೆ.

ವಿಮಾನದಲ್ಲಿ ಬಂದವರಿಗೂ ಈಗ ಮೆಟ್ರೊ ಇದೆ. ವಿಮಾನ ನಿಲ್ದಾಣದಿಂದ ಯೆಲ್ಲೊ ಲೈನ್‌ನಲ್ಲಿ ನೊವಾಪಾರಾ, ಅಲ್ಲಿಂದ ಬ್ಲೂ ಲೈನ್‌ನಲ್ಲಿ ಎಸ್‌ಪ್ಲನೇಡ್.

ಟಿಕೆಟ್ ಮತ್ತು ಗೇಟ್

ಡುರಾಂಡ್ ಟಿಕೆಟ್ ಮಾರುವ ಆ್ಯಪ್ ವರ್ಷ ವರ್ಷ ಬದಲಾಗುತ್ತದೆ. ಟೂರ್ನಿಯ ಅಧಿಕೃತ ಪುಟದಲ್ಲಿ ಕೊಟ್ಟ ಲಿಂಕ್‌ನಿಂದಲೇ ಹೋಗಿ. ಟಿಕೆಟ್ ದರ ಪ್ರಯಾಣದ ಖರ್ಚಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ ಡರ್ಬಿ ಬಿಟ್ಟು ಉಳಿದ ಪಂದ್ಯಕ್ಕೆ ಬ್ಲ್ಯಾಕ್‌ನಲ್ಲಿ ಕೊಳ್ಳುವ ಪ್ರಮೇಯವೇ ಇಲ್ಲ. ಡರ್ಬಿಯ ಟಿಕೆಟ್‌ನಲ್ಲಿ ಒಂದು ಪಾಲು ಕ್ಲಬ್ ಸದಸ್ಯರಿಗೆ ಹೋಗುತ್ತದೆ, ಮಿಕ್ಕದ್ದು ಬೇಗ ಖಾಲಿಯಾಗುತ್ತದೆ.

ಕೊಳ್ಳುವಾಗ ಮೂರು ವಿಷಯ ನೋಡಿ. ಮೊದಲನೆಯದು ಕ್ರೀಡಾಂಗಣದ ಹೆಸರು. ಕೋಲ್ಕತ್ತದ ಪಂದ್ಯಗಳು ಸಾಲ್ಟ್ ಲೇಕ್‌ನಲ್ಲಷ್ಟೇ ಅಲ್ಲ, ಕಿಶೋರ್ ಭಾರತಿ ಕ್ರೀಡಾಂಗಣದಲ್ಲೂ ನಡೆಯುತ್ತವೆ. ಅದು ಊರಿನ ದಕ್ಷಿಣಕ್ಕೆ ಸಂತೋಷ್‌ಪುರದಲ್ಲಿದೆ, ಸಣ್ಣದು. ಸಿಯಾಲ್ದಾದಿಂದ ದಕ್ಷಿಣದ ಲೋಕಲ್ ರೈಲಿನಲ್ಲಿ ಜಾದವ್‌ಪುರಕ್ಕೆ ಹೋಗಿ ಅಲ್ಲಿಂದ ಆಟೊದಲ್ಲಿ ಹೋಗಬೇಕು. ತಪ್ಪು ಕ್ರೀಡಾಂಗಣಕ್ಕೆ ಹೋದರೆ ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಮೊದಲರ್ಧ ಮುಗಿದಿರುತ್ತದೆ. ಎರಡನೆಯದು, ಮೊಬೈಲ್ ಟಿಕೆಟ್ಟೇ ಸಾಕೋ ಅಥವಾ ಕೌಂಟರ್‌ನಲ್ಲಿ ಕಾಗದದ ಟಿಕೆಟ್ ಪಡೆಯಬೇಕೋ ಎಂಬುದು. ಕಾಗದದ್ದಾದರೆ ಕೌಂಟರ್ ಎಲ್ಲಿ, ಎಷ್ಟು ಹೊತ್ತಿನವರೆಗೆ ಎಂದು ಟಿಕೆಟ್‌ನ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಪಂದ್ಯದ ಹಿಂದಿನ ದಿನವೇ ಹೋಗಿ ತಂದರೆ ಸಾಲು ನಿಲ್ಲುವ ಕಷ್ಟವಿಲ್ಲ. ಬುಕ್ ಮಾಡಿದವರ ಗುರುತಿನ ಚೀಟಿ ಬೇಕು, ಆದ್ದರಿಂದ ಊರಲ್ಲೇ ಉಳಿಯುವ ಗೆಳೆಯನ ಖಾತೆಯಿಂದ ಬುಕ್ ಮಾಡಬೇಡಿ.

ಮೂರನೆಯದು ಬ್ಲಾಕ್ ಮತ್ತು ಗೇಟ್ ಸಂಖ್ಯೆ. ಇದನ್ನು ಹಗುರವಾಗಿ ತೆಗೆದುಕೊಂಡವರು ಕೆಡುವುದೇ ಹೆಚ್ಚು. ಸಾಲ್ಟ್ ಲೇಕ್ 1984ರಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರುವಂತೆ ಕಟ್ಟಿದ ಬಟ್ಟಲು. ಬಕೆಟ್ ಸೀಟು ಹಾಕಿದ ಮೇಲೆ ಜನ ಕಡಿಮೆ ಹಿಡಿಯುತ್ತದೆ, ಸುತ್ತಳತೆಯೇನೂ ಕಡಿಮೆಯಾಗಿಲ್ಲ. ತಪ್ಪು ಗೇಟಿಗೆ ಹೋದರೆ ಹೊರಗಿನಿಂದ ಸುತ್ತಿ ಬರಬೇಕು. ಡರ್ಬಿ ದಿನ ಬ್ಯಾರಿಕೇಡ್ ಹಾಕಿ ಆ ಸುತ್ತನ್ನೂ ಮುಚ್ಚಿರುತ್ತಾರೆ, ಯಾಕೆಂದರೆ ಎರಡೂ ಕ್ಲಬ್‌ನವರಿಗೆ ಬೇರೆ ಬೇರೆ ದಾರಿ, ಬೇರೆ ಬೇರೆ ಗ್ಯಾಲರಿ. ಬುಕ್ ಮಾಡುವಾಗ ಆ್ಯಪ್ ಯಾವ ಕ್ಲಬ್‌ನ ಕಡೆ ಎಂದು ಕೇಳುತ್ತದೆ. ನಿಮಗೆ ಯಾವ ಪಕ್ಷವೂ ಇಲ್ಲದಿದ್ದರೂ ಒಂದನ್ನು ಆರಿಸಿ ಅದಕ್ಕೆ ಬದ್ಧರಾಗಿರಿ.

ಕನ್ನಡ ಬಾವುಟದ ವಿಷಯ

ನಮ್ಮವರು ದೂರದ ಪಂದ್ಯಕ್ಕೆ ಹೋದರೆ ಬ್ಯಾಗಿನಲ್ಲಿ ಮಡಿಸಿಟ್ಟ ಒಂದು ಕನ್ನಡ ಬಾವುಟ ಅಥವಾ ಹಳದಿ–ಕೆಂಪು ಶಾಲು ಇದ್ದೇ ಇರುತ್ತದೆ. ಬಿಎಫ್‌ಸಿ ಪಂದ್ಯಕ್ಕೆ ಅದು ಸೊಗಸು. ಆದರೆ ಕೋಲ್ಕತ್ತದಲ್ಲಿ ಕೆಂಪು–ಹಳದಿ ಎಂದರೆ ಒಂದೇ ಅರ್ಥ: ಈಸ್ಟ್ ಬೆಂಗಾಲ್. ಆ ಕ್ಲಬ್‌ನವರು ಕೂಗುವುದೇ ‘ಲಾಲ್–ಹೋಲುದ್’ ಎಂದು. ಮೋಹನ್ ಬಾಗನ್‌ನ ಹಸಿರು–ಮರೂನ್ ಗ್ಯಾಲರಿಯಲ್ಲಿ ಕೂತು ನೀವು ಕನ್ನಡ ಶಾಲು ಬಿಚ್ಚಿದರೆ ಅದು ರಾಜ್ಯದ ಬಾವುಟ ಎಂದು ವಿವರಿಸಲು ಯಾರೂ ಪುರುಸೊತ್ತು ಕೊಡುವುದಿಲ್ಲ. ಹಳದಿ ರೇನ್‌ಕೋಟ್ ಒಳಗೆ ಕೆಂಪು ಟೀಶರ್ಟ್ ಹಾಕಿದರೂ ಅದೇ ಕಥೆ. ಊರಲ್ಲಿ ಕಣ್ಣಿಗೇ ಬೀಳದ ಈ ಜೋಡಿ ಅಲ್ಲಿ ಮೈಲಿ ದೂರದಿಂದ ಕಾಣುತ್ತದೆ.

ತಟಸ್ಥರಿಗೆ ಸುರಕ್ಷಿತ ಬಣ್ಣ ನೀಲಿ ಅಥವಾ ಬೂದು. ಕಪ್ಪು–ಬಿಳಿ ಮೊಹಮ್ಮಡನ್‌ನವರದು. ಬಿಎಫ್‌ಸಿ ಆಡುತ್ತಿದ್ದರೆ ನೀಲಿ ಜೆರ್ಸಿ ಧೈರ್ಯವಾಗಿ ಹಾಕಿಕೊಳ್ಳಿ, ಆದರೆ ಎದುರಾಳಿ ಊರಿನ ತಂಡವಾಗಿದ್ದರೆ ಅತಿಥಿ ತಂಡದ ಬ್ಲಾಕ್‌ನಲ್ಲೇ ಟಿಕೆಟ್ ತೆಗೆದುಕೊಳ್ಳಿ. 2024ರ ಸೆಮಿಫೈನಲ್‌ನಲ್ಲಿ ಬಿಎಫ್‌ಸಿ 2-0 ಮುಂದಿದ್ದು, ಮೋಹನ್ ಬಾಗನ್ ಸಮ ಮಾಡಿ ಪೆನಾಲ್ಟಿಯಲ್ಲಿ ಗೆದ್ದಾಗ ಸಾಲ್ಟ್ ಲೇಕ್ ಹೇಗಿತ್ತು ಎಂದು ಟಿವಿಯಲ್ಲಿ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಅಲ್ಲಿಯ ಜನ ನಮ್ಮವರಿಗೆ ಹೊರಗಿನವರೇನಲ್ಲ. ಈಸ್ಟ್ ಬೆಂಗಾಲ್‌ನ ಹಳೆಯ ‘ಪಂಚಪಾಂಡವ’ರಲ್ಲಿ, ಅಂದರೆ ಐವರು ಫಾರ್ವರ್ಡ್ ಆಟಗಾರರಲ್ಲಿ, ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. ಕರ್ನಾಟಕದಿಂದ ಬಂದವರು ಎಂದು ಹೇಳಿ ಆ ಹೆಸರು ಎತ್ತಿದರೆ ಪಕ್ಕದ ಸೀಟಿನ ಹಿರಿಯರು ಚಹಾ ಕುಡಿಸದೆ ಬಿಡುವುದಿಲ್ಲ. ಗಂಡಸರನ್ನು ‘ದಾದಾ’, ಹೆಂಗಸರನ್ನು ‘ದೀದಿ’ ಎಂದರೆ ಆಯಿತು. ಉಳಿದದ್ದಕ್ಕೆ ಮುರುಕು ಹಿಂದಿ ಸಾಕು.

ಪಂದ್ಯದ ದಿನ

ಮಲೆನಾಡಿನ ಜಿಟಿಜಿಟಿ ಮಳೆಯಿಂದ ಹೋದವರಿಗೆ ಕೋಲ್ಕತ್ತದ ಆಗಸ್ಟ್ ಮೈಮೇಲೆ ಬೀಳುತ್ತದೆ. ಉಷ್ಣಾಂಶ 32 ಡಿಗ್ರಿ ಆಸುಪಾಸಿನಲ್ಲೇ ಇದ್ದರೂ ಗಾಳಿಯಲ್ಲಿ ತೇವ ತುಂಬಿ ಬೆವರು ಒಣಗುವುದೇ ಇಲ್ಲ. ಸಂಜೆ ಹೊತ್ತಿಗೆ ತಲೆನೋವು, ಸ್ನಾಯು ಸೆಳೆತ ಬರುವುದು ನೀರಿನ ಜತೆ ಉಪ್ಪೂ ಹೋಗಿರುವುದರಿಂದ. ಬೆಳಿಗ್ಗೆಯಿಂದಲೇ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಬೆರೆಸಿ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತಿಡುತ್ತಾರೆ, ಒಳಗೆ ಹೋದ ಮೇಲೆ ನೆನಪಾದರೆ ತಡವಾಯಿತು.

ಒಳಗೆ ಬಿಡದಿರುವುದು ಇನ್ನೂ ಇವೆ: ಲೈಟರ್, ಬೆಂಕಿಪೊಟ್ಟಣ, ಹೆಲ್ಮೆಟ್, ಬಾವುಟದ ಕೋಲು, ಕೊಡೆ, ಪವರ್‌ಬ್ಯಾಂಕ್, ದೊಡ್ಡ ಬ್ಯಾಗ್. ಬಿಟ್ಟು ಹೋಗಲು ಗೇಟಿನ ಹತ್ತಿರ ಭದ್ರವಾದ ಜಾಗವಿಲ್ಲ. ಲಗೇಜ್ ಇದ್ದರೆ ಹೌರಾ ಅಥವಾ ಸಿಯಾಲ್ದಾ ನಿಲ್ದಾಣದ ಕ್ಲೋಕ್‌ರೂಮ್‌ನಲ್ಲಿ ಇಡಿ. ರೈಲಿನ ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಹಾಕಿರಬೇಕು. ಜಿಪ್ಪಿಗೆ ಬೀಗ ಇಲ್ಲದ ಬ್ಯಾಗನ್ನು ವಾಪಸ್ ಕಳಿಸುತ್ತಾರೆ. ಕೊಡೆಯ ಬದಲು ಮಡಿಸಿದರೆ ಅಂಗೈಯಷ್ಟಾಗುವ ತೆಳು ರೇನ್‌ಕೋಟ್ ಒಯ್ಯಿರಿ. ನಮ್ಮ ತೋಟಕ್ಕೆ ಹಾಕುವ ದಪ್ಪದ್ದು ಅಲ್ಲಿ ಹಬೆಯಲ್ಲಿ ಬೇಯಿಸುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿ ಅಥವಾ ಸ್ಯಾಂಡಲ್ ಇರಲಿ. ಜೋರು ಮಳೆ ಬಂದರೆ ಅರ್ಧ ಗಂಟೆಯಲ್ಲಿ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಊರದು.

ಪಂದ್ಯ ಶುರುವಾಗಲು ಒಂದೂವರೆ ಗಂಟೆ ಇರುವಾಗ ಮೆಟ್ರೊ ಇಳಿದಿರಬೇಕು, ಡರ್ಬಿಯಾದರೆ ಎರಡೂವರೆ ಗಂಟೆ. ಬರುವಾಗಲೇ ಹಿಂದಿರುಗುವ ಟಿಕೆಟ್ಟಿಗೂ ವ್ಯವಸ್ಥೆ ಮಾಡಿಕೊಳ್ಳಿ: ಸ್ಮಾರ್ಟ್ ಕಾರ್ಡ್ ಇದ್ದರೆ ರಾತ್ರಿ ಟೋಕನ್ ಸಾಲಿನಲ್ಲಿ ನಿಲ್ಲಬೇಕಿಲ್ಲ. ಪಂದ್ಯದ ಟಿಕೆಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ, 500 ರೂಪಾಯಿಯಷ್ಟು ಚಿಲ್ಲರೆ ನೋಟು ಇಟ್ಟುಕೊಳ್ಳಿ. ಹತ್ತಾರು ಸಾವಿರ ಮೊಬೈಲ್ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಯುಪಿಐ ಸುತ್ತುತ್ತಲೇ ಇರುತ್ತದೆ. ಗುಂಪಾಗಿ ಹೋದವರು ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಮೊದಲೇ ಮಾತಾಡಿಕೊಂಡಿರಿ, ‘ಗೇಟಿನ ಹತ್ತಿರ’ ಎಂದಲ್ಲ, ಮೆಟ್ರೊ ನಿಲ್ದಾಣದ ಇಂತಿಂಥ ಕಂಬದ ಕೆಳಗೆ ಎಂದು.

ಸಂಜೆ 7ರ ಪಂದ್ಯ ಮುಗಿಯುವುದು 9ಕ್ಕೆ, ಪೆನಾಲ್ಟಿಗೆ ಹೋದರೆ ಇನ್ನೂ ತಡ. ಕೊನೆಯ ಮೆಟ್ರೊ ಹತ್ತರೊಳಗೇ ಹೋಗಿಬಿಡುತ್ತದೆ. ಪಂದ್ಯದ ದಿನ ಹೆಚ್ಚುವರಿ ರೈಲು ಬಿಡುವುದಿದ್ದರೆ ಮೆಟ್ರೊದವರು ಮೊದಲೇ ಪ್ರಕಟಿಸುತ್ತಾರೆ, ಬೆಳಿಗ್ಗೆಯೇ ನೋಡಿಕೊಳ್ಳಿ. ಭಾನುವಾರ ರೈಲಿನ ನಡುವಿನ ಅಂತರ ಹೆಚ್ಚು. ಮೆಟ್ರೊ ತಪ್ಪಿದರೆ ಕ್ರೀಡಾಂಗಣದ ಗೇಟಿನಲ್ಲಿ ನಿಂತು ಕ್ಯಾಬ್ ಬುಕ್ ಮಾಡಲು ಹೋಗಬೇಡಿ. ಡ್ರೈವರ್ ಬ್ಯಾರಿಕೇಡ್ ದಾಟಿ ಬರಲಾಗದೆ ರದ್ದು ಮಾಡುತ್ತಾನೆ, ದರ ಮಾತ್ರ ಏರುತ್ತ ಹೋಗುತ್ತದೆ. ಜನರ ಜತೆ ಫೂಲ್‌ಬಾಗಾನ್ ಕಡೆಗೆ ಒಂದು ಕಿ.ಮೀ.ಯಷ್ಟು ನಡೆದು ಅಲ್ಲಿಂದ ಹಿಡಿಯಿರಿ. ಕೋಲ್ಕತ್ತದ ಆಟೊ ನಮ್ಮ ಆಟೊದಂತೆ ಕರೆದಲ್ಲಿಗೆ ಬರುವುದಿಲ್ಲ. ಗೊತ್ತಾದ ಮಾರ್ಗದಲ್ಲಿ ಶೇರ್ ಲೆಕ್ಕದಲ್ಲಿ ಓಡುತ್ತದೆ, ಹತ್ತುವ ಮೊದಲು ಎಲ್ಲಿಗೆ ಎಂದು ಕೇಳಿ.

ಊಟ

ಮೀನು ತಿನ್ನುವವರಿಗೆ ಇದು ಇಲಿಶ್ ಮೀನಿನ ಕಾಲ. ಇಲಿಶ್ ಈಸ್ಟ್ ಬೆಂಗಾಲ್‌ನವರ ಗುರುತು, ಸೀಗಡಿ ಮೋಹನ್ ಬಾಗನ್‌ನವರದು. ಗೆದ್ದವರ ಮೀನಿಗೆ ಮರುದಿನ ಪೇಟೆಯಲ್ಲಿ ಗಿರಾಕಿ ಜಾಸ್ತಿ. ಸಾಸಿವೆ ಎಣ್ಣೆ ರೂಢಿಯಿಲ್ಲದ ಹೊಟ್ಟೆ ಮೊದಲ ದಿನ ಮುನಿಯಬಹುದು, ಪಂದ್ಯದ ದಿನ ಹೊಸ ಪ್ರಯೋಗ ಬೇಡ. ಸಸ್ಯಾಹಾರಿಗಳಿಗೆ ಬೆಳಿಗ್ಗೆ ಕಚೋರಿ, ಲೂಚಿ–ಆಲೂದಮ್ ಎಲ್ಲ ಕಡೆ ಸಿಗುತ್ತದೆ. ಅನ್ನ–ಸಾರು, ಇಡ್ಲಿ ಬೇಕೇಬೇಕು ಎಂದವರು ನೀಲಿ ಮಾರ್ಗದಲ್ಲಿ ಕಾಳಿಘಾಟ್‌ಗೆ ಹೋಗಿ ಲೇಕ್ ಮಾರ್ಕೆಟ್ ಸುತ್ತ ಹುಡುಕಿ. ದಕ್ಷಿಣದವರು ಹಿಂದಿನಿಂದ ನೆಲೆಸಿದ ಜಾಗ ಅದು. ಚಿಕ್ಕಮಗಳೂರಿನವರಿಗೆ ಕಾಫಿಯೇ ತಾಪತ್ರಯ. ಕಾಲೇಜ್ ಸ್ಟ್ರೀಟ್‌ನ ಕಾಫಿ ಹೌಸ್ ನೋಡಲೇಬೇಕಾದ ಜಾಗ, ಅಲ್ಲಿ ಹಾಲಿಲ್ಲದ ‘ಇನ್ಫ್ಯೂಷನ್’ ಪ್ರಸಿದ್ಧ. ಮನೆಯ ರುಚಿ ಹುಡುಕಿ ಹೋಗಬೇಡಿ, ಪುಡಿ ಮತ್ತು ಸಣ್ಣ ಫಿಲ್ಟರ್ ಬ್ಯಾಗಿನಲ್ಲಿರಲಿ.

ಪಂದ್ಯ ಮುಂದೂಡಿದರೆ

ಕೈಯಲ್ಲಿ ಒಂದು ದಿನ ಖಾಲಿ ಉಳಿದರೆ ಕಲ್ಕತ್ತಾ ಲೀಗ್ ಇದೆ. 1898ರಲ್ಲಿ ಶುರುವಾದ ಈ ಲೀಗ್ ಇದೇ ತಿಂಗಳುಗಳಲ್ಲಿ ನಡೆಯುತ್ತದೆ, ಪಂದ್ಯಗಳು ಹೆಚ್ಚಾಗಿ ಮಧ್ಯಾಹ್ನ. ಮೈದಾನ್ ಪ್ರದೇಶದ ಕ್ಲಬ್ ಅಂಗಳದಲ್ಲೋ ನೈಹಾಟಿ, ಬ್ಯಾರಕ್‌ಪುರ, ಕಲ್ಯಾಣಿಯಂಥ ಹೊರವಲಯದಲ್ಲೋ ಆಡುತ್ತಾರೆ. ಹೊರವಲಯದ ಈ ಮೂರಕ್ಕೂ ಸಿಯಾಲ್ದಾದಿಂದ ಲೋಕಲ್ ರೈಲು ಇದೆ. ಕಲ್ಯಾಣಿ ಸುಮಾರು 50 ಕಿ.ಮೀ. ದೂರ, ಹೋಗಿ ಬರಲು ಅರ್ಧ ದಿನ ಬೇಕು. ಪಂದ್ಯವೇ ಇಲ್ಲದಿದ್ದರೆ ಎಸ್‌ಪ್ಲನೇಡ್‌ನಲ್ಲಿ ಇಳಿದು ನಡೆಯಿರಿ. ಈಡನ್ ಗಾರ್ಡನ್ಸ್ ಎದುರಿನ ದಾರಿಯಲ್ಲಿ ಮೋಹನ್ ಬಾಗನ್‌ನ ಹಳೆಯ ಆಟಗಾರ ಗೋಷ್ಠ ಪಾಲ್ ಪ್ರತಿಮೆ, ಮುಂದೆ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಟೆಂಟ್‌ಗಳು ಸಿಗುತ್ತವೆ. ಟೆಂಟ್ ಎಂದರೂ ಅವು ಈಗ ಕಟ್ಟಡಗಳೇ. ಸಂಜೆ ಹೊತ್ತು ಅಭಿಮಾನಿಗಳು ಹೊರಗೆ ಕೂತು ವಾದ ಮಾಡುತ್ತಿರುತ್ತಾರೆ, ನಿಂತು ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ.

ವಾಪಸಾತಿಯನ್ನು ಪಂದ್ಯದ ರಾತ್ರಿಗೆ ಹಾಕಿಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಹತ್ತರ ನಂತರದ ರೈಲಾದರೆ ಒಳ್ಳೆಯದು. ರೈಲಿನಲ್ಲಿ ಬರುವವರು ಎಸ್‌ಎಂವಿಟಿಗೆ ಯಾವ ಹೊತ್ತಿಗೆ ತಲುಪುತ್ತೀರಿ ಎಂದು ನೋಡಿಯೇ ಊರ ಬಸ್ ಬುಕ್ ಮಾಡಿ. ರಾತ್ರಿ ತಲುಪುವುದಾದರೆ ಮೆಟ್ರೊ ನಿಂತಿರುತ್ತದೆ, ಮೆಜೆಸ್ಟಿಕ್‌ಗೆ ಕ್ಯಾಬ್ ಖರ್ಚು ಸೇರಿಸಿಕೊಳ್ಳಿ. ಅಲ್ಲಿಂದ ಹಾಸನಕ್ಕೆ ರಾತ್ರಿಯೆಲ್ಲ ಬಸ್ಸಿದೆ. ಚಿಕ್ಕಮಗಳೂರಿಗೆ ಕೊನೆಯ ಬಸ್ಸು ತಪ್ಪಿದರೆ ಹಾಸನದ ಬಸ್ಸನ್ನೇ ಹತ್ತಿ, ಬೆಳಗಿನ ಜಾವ ಅಲ್ಲಿ ಇಳಿದು ಬೇಲೂರು ಮೇಲೆ ಹೋಗುವ ಮೊದಲ ಬಸ್ ಹಿಡಿಯಬಹುದು.